ಹಣ್ಣಿನ ಸೋಡಾ: ಪಾನಕಕ್ಕೆ ಅನಿಲ ಕೂಡಿದ ಬಗೆ

ಹುಳಿ, ಸಿಹಿ, ಪರಿಮಳ, ತಂಪು ಈ ನಾಲ್ಕೂ ಹದವಾಗಿ ಕೂಡಿದರೆ ಪಾನಕವಾಗುತ್ತದೆ. ಇವುಗಳಿಗೆ ಐದನೆಯದಾಗಿ ಅನಿಲವು ಸೇರಿದರೆ ಅದೇ ಹಣ್ಣಿನ ಸೋಡಾ. ಮೊದಲಿನ ನಾಲ್ಕು ಕನ್ನಡಿಗರಿಗೆ ಹೊಸವಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ೧೨ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಅನ್ನಭೋಗದಂತೆಯೇ ಪಾನೀಯಭೋಗಕ್ಕೂ ಪ್ರತ್ಯೇಕ ಸ್ಥಾನವುಂಟು. ೧೬ನೆಯ ಶತಮಾನದ ಮೂರನೆಯ ಮಂಗರಸನ ಕನ್ನಡ ‘ಸೂಪಶಾಸ್ತ್ರ’ದಲ್ಲಿಯೂ ಪಾನಕಗಳ ಪಾಕವು ಸೇರಿದೆ. ರಾಮನವಮಿಯಂದು ಪಾನಕ ಕೋಸಂಬರಿಗಳನ್ನು ಹಂಚುವ ಪದ್ಧತಿಯನ್ನು ನಾಡಿನಿಂದ ದೂರವಿರುವ ಕುಟುಂಬಗಳೂ ಕೈಬಿಟ್ಟಿಲ್ಲ. ಬೆಲ್ಲ ಎಷ್ಟು, ನಿಂಬೆ ಎಷ್ಟು, ಏಲಕ್ಕಿ ಎಷ್ಟು ಎಂಬುದನ್ನು ಮನೆಯ ಹಿರಿಯರು ಅಳತೆಯಿಲ್ಲದೆಯೇ ಬಲ್ಲರು; ನಾಲಗೆಯೇ ಅವರ ತಕ್ಕಡಿ.

ಆದರೆ ಐದನೆಯದಾದ ಅನಿಲವನ್ನು ನಾಲಗೆಯ ಅಂದಾಜಿನಿಂದ ಅಳೆಯುವಂತಿಲ್ಲ. ಉಪ್ಪು ಹೆಚ್ಚಾದರೆ ಸಾರು ಕೆಡುತ್ತದೆ, ಅಷ್ಟೆ. ಅನಿಲ ಹೆಚ್ಚಾದರೆ ಸೀಸೆಯೇ ಒಡೆದು ಗಾಜಿನ ಚೂರು ಕಣ್ಣಿಗೋ ಕೈಗೋ ತಗಲಬಹುದು. ಮನೆಯಲ್ಲಿಯೇ ಹಣ್ಣಿನ ಸೋಡಾ ತಯಾರಿಸುವ ಆಸಕ್ತಿ ಈಗ ನಗರಗಳಲ್ಲಿ ಕಾಣಬರುತ್ತಿದೆ. ಅದಕ್ಕೆ ಬೇಕಾದ ಸಾಮಗ್ರಿಯು ಸುಲಭ, ವಿಧಾನವೂ ಸುಲಭ. ಕಠಿನವಾದುದೇನಾದರೂ ಇದ್ದರೆ ಅದು ಅನಿಲದ ಲೆಕ್ಕ ಮಾತ್ರ. ಆ ಲೆಕ್ಕವನ್ನು ಒಮ್ಮೆ ತಿಳಿದುಕೊಂಡರೆ ಉಳಿದುದೆಲ್ಲ ಹಳೆಯ ಪಾನಕವೇ.

೧. ಹೆಸರು ಮತ್ತು ಹುಟ್ಟು

ಕನ್ನಡದಲ್ಲಿ ‘ಸೋಡಾ’ ಎಂಬ ಒಂದೇ ಮಾತಿಗೆ ಬಳಕೆಯಲ್ಲಿ ಮೂರು ಅರ್ಥಗಳಿವೆ. ಬಟ್ಟೆ ಒಗೆಯುವ ಸೋಡಾ ಒಂದು, ಬಜ್ಜಿಯ ಹಿಟ್ಟಿಗೆ ಹಾಕುವ ಅಡುಗೆ ಸೋಡಾ ಇನ್ನೊಂದು, ಕುಡಿಯುವ ಸೋಡಾ ಮತ್ತೊಂದು. ಮೊದಲೆರಡು ಸೋಡಿಯಂ ಲವಣಗಳು. ಮೂರನೆಯದಕ್ಕೆ ಆ ಹೆಸರು ಬಂದುದು, ಹಿಂದಿನ ತಯಾರಕರು ನೀರಿನಲ್ಲಿ ಅನಿಲದ ಜೊತೆಗೆ ಸೋಡಾ ಲವಣವನ್ನೂ ಕರಗಿಸುತ್ತಿದ್ದುದರಿಂದ. ಲವಣವಿಲ್ಲದೆ ಅನಿಲ ಮಾತ್ರವಿರುವ ನೀರಿಗೂ ಆ ಹೆಸರೇ ನಿಂತಿತು. ಆ ಅನಿಲವೇ ಇಂಗಾಲಾಮ್ಲ ಅನಿಲ, ಎಂದರೆ ಇಂಗಾಲದ ಡೈಆಕ್ಸೈಡು.

ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿ ೧೭೬೭ರಲ್ಲಿ ಜೋಸೆಫ್ ಪ್ರೀಸ್ಟ್ಲಿ ಎಂಬ ಪಾದ್ರಿಯು ಬಿಯರ್ ಬಟ್ಟಿಯೊಂದರ ಪಕ್ಕದಲ್ಲಿ ವಾಸವಾಗಿದ್ದನು. ಹುದುಗುತ್ತಿದ್ದ ಬಿಯರಿನ ತೊಟ್ಟಿಯ ಮೇಲೆ ನಿಲ್ಲುವ ಅನಿಲವು ನೀರಿನಲ್ಲಿ ಕರಗಿ ಅದಕ್ಕೆ ಹಿತವಾದ ಹುಳಿಯನ್ನು ಕೊಡುವುದನ್ನು ಅವನು ಕಂಡನು. ಮುಂದೆ ಸೀಮೆಸುಣ್ಣದ ಮೇಲೆ ಗಂಧಕಾಮ್ಲವನ್ನು ಹಾಕಿ ಅದೇ ಅನಿಲವನ್ನು ಪಡೆದು ನೀರಿಗೆ ಹಾಯಿಸುವ ಬಗೆಯನ್ನು ೧೭೭೨ರಲ್ಲಿ ಒಂದು ಕಿರುಹೊತ್ತಗೆಯಾಗಿ ಪ್ರಕಟಿಸಿದನು. ಈ ನೀರು ದೀರ್ಘ ಪ್ರಯಾಣದ ನಾವಿಕರನ್ನು ಕಾಡುತ್ತಿದ್ದ ಸ್ಕರ್ವಿ ರೋಗಕ್ಕೆ ಮದ್ದಾದೀತೆಂಬುದು ಅವನ ನಂಬಿಕೆಯಾಗಿತ್ತು. ಆ ನಂಬಿಕೆ ನಿಜವಾಗಲಿಲ್ಲ. ಆ ರೋಗಕ್ಕೆ ಕಿತ್ತಳೆ, ನಿಂಬೆಗಳೇ ಮದ್ದೆಂಬುದನ್ನು ಜೇಮ್ಸ್ ಲಿಂಡ್ ಎಂಬ ನೌಕಾ ವೈದ್ಯನು ೧೭೪೭ರಲ್ಲಿಯೇ ಪರೀಕ್ಷಿಸಿ ಕಂಡಿದ್ದನು. ಗುಣವಿದ್ದುದು ಹಣ್ಣಿನಲ್ಲಿ, ಅನಿಲವು ಕೊಟ್ಟುದು ಬಾಯಿಗೆ ಚುರುಕನ್ನು ಮಾತ್ರ. ಸೋಡಾದ ಮುಂದಿನ ಚರಿತ್ರೆಯನ್ನು ನೋಡುವಾಗ ಈ ಸಂಗತಿಯನ್ನು ಮರೆಯಬಾರದು.

ಯಾಕೋಬ್ ಶ್ವೆಪ್ ಎಂಬವನು ೧೭೮೩ರಲ್ಲಿ ಜಿನೀವಾದಲ್ಲಿ ಸೋಡಾ ನೀರನ್ನು ವ್ಯಾಪಾರದ ಸರಕನ್ನಾಗಿ ಮಾಡಿದನು. ೧೮೭೨ರಲ್ಲಿ ಇಂಗ್ಲೆಂಡಿನ ಹೈರಂ ಕಾಡ್ ಎಂಬವನು ಕತ್ತಿನಲ್ಲಿ ಗಾಜಿನ ಗೋಲಿಯುಳ್ಳ ಸೀಸೆಗೆ ಹಕ್ಕುಪತ್ರ ಪಡೆದನು. ಸೀಸೆಯನ್ನು ತಲೆಕೆಳಗು ಮಾಡಿ ತುಂಬುವುದರಿಂದ ಗೋಲಿಯು ಬಾಯಿಗೆ ಜಾರಿ ಬರುತ್ತದೆ; ಒಳಗಿನ ಅನಿಲವೇ ಅದನ್ನು ರಬ್ಬರಿನ ಬಳೆಗೆ ಒತ್ತಿ ಹಿಡಿಯುತ್ತದೆ. ನಮ್ಮ ಗೋಲಿ ಸೋಡಾ ಇದೇ. ದೆಹಲಿಯಲ್ಲಿ ಅದಕ್ಕೆ ‘ಬಂಟಾ’ ಎಂದು ಹೆಸರು. ಮುಂಬಯಿಯಲ್ಲಿ ೧೮೬೫ರಲ್ಲಿ ಪಾಲನ್‌ಜಿ, ೧೮೮೯ರಲ್ಲಿ ಡ್ಯೂಕ್ಸ್, ಪುಣೆಯಲ್ಲಿ ೧೮೮೪ರಲ್ಲಿ ಅರ್ದೇಶಿರ್ ಹೀಗೆ ಪಾರಸಿ ಮನೆತನಗಳು ಸೋಡಾ ಕಾರ್ಖಾನೆಗಳನ್ನು ತೆರೆದವು; ಪಾರಸಿಗಳ ಮದುವೆಯೂಟಕ್ಕೆ ಕೆಂಪು ರಾಸ್ಪ್‌ಬೆರಿ ಸೋಡಾ ಒಪ್ಪುವ ಜೊತೆಯಾಯಿತು. ತಮಿಳುನಾಡಿನಲ್ಲಿ ಗುಲಾಬಿಯ ಪನ್ನೀರು ಸೋಡಾ ಬಳಕೆಗೆ ಬಂದಿತು. ಹೀಗೆ ಹೊರನಾಡಿನ ಅನಿಲವು ಆಯಾ ಊರಿನ ರುಚಿಯೊಡನೆ ಬೆರೆಯಿತು.

೨. ಅನಿಲದ ಸ್ವಭಾವ

ಒಂದು ಲೀಟರು ನೀರಿನಲ್ಲಿ ಒಂದು ಲೀಟರು ಅನಿಲವು ಕರಗಿದ್ದರೆ ಅದನ್ನು ‘ಒಂದು ಪಾಲು’ ಎಂದು ಎಣಿಸೋಣ. ಅಂಗಡಿಯ ಸೋಡಾದಲ್ಲಿ ಸಾಮಾನ್ಯವಾಗಿ ಮೂರರಿಂದ ನಾಲ್ಕು ಪಾಲು ಅನಿಲವಿರುತ್ತದೆ. ಒಂದು ಲೀಟರು ಅನಿಲದ ತೂಕ ಸುಮಾರು ೨ ಗ್ರಾಂ. ಆದುದರಿಂದ ಮೂರು ಪಾಲಿನ ಒಂದು ಲೀಟರು ಸೋಡಾದಲ್ಲಿ ಕರಗಿರುವುದು ಸುಮಾರು ೬ ಗ್ರಾಂ ಅನಿಲ.

ಈ ಅನಿಲವು ಎರಡು ನಿಯಮಗಳಿಗೆ ಒಳಪಟ್ಟಿದೆ. ನೀರು ತಣ್ಣಗಾದಷ್ಟೂ ಅದು ಹೆಚ್ಚು ಕರಗುತ್ತದೆ. ಒತ್ತಡ ಹೆಚ್ಚಿದಷ್ಟೂ ಹೆಚ್ಚು ಕರಗುತ್ತದೆ. ಎರಡನೆಯದನ್ನು ೧೮೦೩ರಲ್ಲಿ ವಿಲಿಯಂ ಹೆನ್ರಿ ಎಂಬವನು ನಿರೂಪಿಸಿದನು. ಹೊರಗಿನ ಗಾಳಿಯ ಸಹಜವಾದ ಒತ್ತಡದಲ್ಲಿ, ಹೆಪ್ಪುಗಟ್ಟುವ ಹಂತದ ನೀರು ಸುಮಾರು ೧.೭ ಪಾಲು ಅನಿಲವನ್ನು ಹಿಡಿದಿಡಬಲ್ಲದು. ೨೦ ಡಿಗ್ರಿ ಸೆಲ್ಸಿಯಸ್‌ನಲ್ಲಿ ೦.೯ ಪಾಲು, ೩೦ ಡಿಗ್ರಿಯಲ್ಲಿ ೦.೭ ಪಾಲಿಗಿಂತ ಕಡಿಮೆ. ಮುಂಬಯಿ, ಚೆನ್ನೈಗಳ ಬೇಸಗೆಯಲ್ಲಿ ಮುಚ್ಚಳ ತೆಗೆದ ಸೋಡಾ ನೋಡುನೋಡುತ್ತ ಸಪ್ಪೆಯಾಗುವುದಕ್ಕೆ ಇದೇ ಕಾರಣ.

ಮುಚ್ಚಿದ ಸೀಸೆಯಲ್ಲಿ ಇದರ ಪರಿಣಾಮವೇ ಬೇರೆ. ಮೂರೂವರೆ ಪಾಲು ಅನಿಲವಿರುವ ಸೀಸೆಯನ್ನು ೪ ಡಿಗ್ರಿಯ ಶೀತಕದಲ್ಲಿಟ್ಟರೆ ಒಳಗಿನ ಒತ್ತಡವು ಹೊರಗಿನದರ ಸುಮಾರು ಎರಡೂವರೆ ಪಟ್ಟು ಇರುತ್ತದೆ. ಅದೇ ಸೀಸೆಯನ್ನು ೩೦ ಡಿಗ್ರಿಯ ಅಡುಗೆಮನೆಯಲ್ಲಿಟ್ಟರೆ ಐದು ಪಟ್ಟನ್ನು ಮೀರುತ್ತದೆ. ಸೀಟಿ ಹೊಡೆಯುವ ಪ್ರೆಷರ್ ಕುಕ್ಕರಿನ ಒಳಗೆ ಇರುವುದು ಸುಮಾರು ಎರಡು ಪಟ್ಟು ಮಾತ್ರ ಎಂಬುದನ್ನು ನೆನೆದರೆ ಸೀಸೆಯ ಮೇಲಿನ ಭಾರವೆಷ್ಟೆಂಬುದು ಮನಸ್ಸಿಗೆ ಬರುತ್ತದೆ. ಕುಕ್ಕರಿಗೆ ಒತ್ತಡವನ್ನು ಹೊರಬಿಡುವ ತೂಕವುಂಟು. ಸೀಸೆಗೆ ಅದೂ ಇಲ್ಲ.

೩. ಹಣ್ಣಿನ ಪಾಕ

ಸೋಡಾಕ್ಕೆ ಒಗ್ಗುವ ಹಣ್ಣಿಗೆ ಮೂರು ಗುಣಗಳಿರಬೇಕು: ಎದ್ದುಕಾಣುವ ಹುಳಿ, ನೀರಿನಲ್ಲಿ ಬೆರೆತರೂ ಮಂಕಾಗದ ಪರಿಮಳ, ಸೋಸಿದಾಗ ತಿಳಿಯಾಗುವ ರಸ. ತಿರುಳಿನ ನಾರು ಉಳಿದರೆ ಅದರ ಸುತ್ತ ಗುಳ್ಳೆಗಳು ಕಟ್ಟಿ ಅನಿಲವು ಬೇಗನೆ ಹಾರಿಹೋಗುತ್ತದೆ. ಮಾವಿನ ಹಣ್ಣು ಪಾನಕಕ್ಕೆ ಶ್ರೇಷ್ಠವಾದರೂ ಸೋಡಾಕ್ಕೆ ಅಷ್ಟಾಗಿ ಹಿಡಿಸದಿರುವುದಕ್ಕೆ ಕಾರಣ ಇದೇ. ನಿಂಬೆ, ಶುಂಠಿ, ಅನಾನಸು, ನೇರಳೆ ಇವು ಒಗ್ಗುತ್ತವೆ. ಇವೆಲ್ಲಕ್ಕಿಂತ ಚೆನ್ನಾಗಿ ಒಗ್ಗುವುದು ಪಶ್ಚಿಮ ಕರಾವಳಿಯ ಮುರುಗಲು.

ಉತ್ತರ ಕನ್ನಡದಲ್ಲಿ ಮುರುಗಲು, ದಕ್ಷಿಣ ಕನ್ನಡದಲ್ಲಿ ಪುನರ್ಪುಳಿ, ಮರಾಠಿಯಲ್ಲಿ ಕೋಕಂ ಎನಿಸಿಕೊಳ್ಳುವ ಈ ಹಣ್ಣು ಕೊಂಕಣದಿಂದ ದಕ್ಷಿಣಕ್ಕೆ ಸಹ್ಯಾದ್ರಿಯ ಉದ್ದಕ್ಕೂ ಬೆಳೆಯುತ್ತದೆ. ಮುಂಬಯಿ, ಪುಣೆಗಳ ದಿನಸಿ ಅಂಗಡಿಗಳಲ್ಲಿ ‘ಆಮಸೂಲ’ ಎಂಬ ಹೆಸರಿನಿಂದ ದೊರೆಯುವುದು ಇದರ ಒಣಸಿಪ್ಪೆಯೇ. ಹುಳಿಯೂ ಕಡುಗೆಂಪು ಬಣ್ಣವೂ ಸಿಪ್ಪೆಯಲ್ಲಿಯೇ ಇರುವುದರಿಂದ ಹೊರಗಿನ ಬಣ್ಣದ ಅಗತ್ಯವಿಲ್ಲ.

ಏಪ್ರಿಲ್, ಮೇ ತಿಂಗಳುಗಳಲ್ಲಿ ಹಸಿ ಹಣ್ಣು ದೊರೆತರೆ, ಬೀಜ ತೆಗೆದ ಸಿಪ್ಪೆಯ ತೂಕದ ಎರಡರಷ್ಟು ಸಕ್ಕರೆಯನ್ನು ಪದರಪದರವಾಗಿ ಭರಣಿಯಲ್ಲಿ ತುಂಬಿ ಕೆಲವು ದಿನ ಬಿಸಿಲಿಗಿಡುವುದು ಕರಾವಳಿಯ ಹಳೆಯ ಕ್ರಮ. ಸಕ್ಕರೆಯು ರಸವನ್ನು ಎಳೆದು ತಾನೇ ಪಾಕವಾಗುತ್ತದೆ. ಒಣಸಿಪ್ಪೆಯಾದರೆ ಉಪ್ಪು ಹಾಕದೆ ಒಣಗಿಸಿದುದನ್ನು ಆರಿಸಿಕೊಳ್ಳಬೇಕು. ೧೦೦ ಗ್ರಾಂ ಸಿಪ್ಪೆಯನ್ನು ತೊಳೆದು ಅರ್ಧ ಲೀಟರು ಬಿಸಿನೀರಿನಲ್ಲಿ ನಾಲ್ಕು ಗಂಟೆ ನೆನೆಯಿಸಿ, ಕಿವುಚಿ, ತೆಳುಬಟ್ಟೆಯಲ್ಲಿ ಎರಡು ಸಲ ಸೋಸಬೇಕು. ಬಂದ ರಸಕ್ಕೆ ೫೦೦ ಗ್ರಾಂ ಸಕ್ಕರೆ ಬೆರೆಸಿ, ಅದು ಕರಗುವಷ್ಟು ಮಾತ್ರ ಕಾಯಿಸಿ ಇಳಿಸಬೇಕು. ಹೆಚ್ಚು ಕುದಿಸಿದರೆ ಕೆಂಪು ಮಾಸುತ್ತದೆ. ಪಾತ್ರೆಯು ಸ್ಟೀಲಿನದಾಗಿರಬೇಕು, ಹುಳಿಗೆ ಅಲ್ಯೂಮಿನಿಯಮ್, ಕಲಾಯಿ ಇಲ್ಲದ ಹಿತ್ತಾಳೆ ಇವೆರಡೂ ಸಲ್ಲವು. ಒಂದು ಪಾಲು ಪಾಕಕ್ಕೆ ಐದು ಪಾಲು ಸೋಡಾ ಎಂಬುದು ಅಂಗಡಿಯ ಸಿಹಿಗೆ ಸಮೀಪವಾದ ಅಳತೆ. ಸಿಹಿಯನ್ನು ತಗ್ಗಿಸುವ ಸ್ವಾತಂತ್ರ್ಯವಿರುವುದೇ ಮನೆಯ ತಯಾರಿಕೆಯ ಒಂದು ಲಾಭ.

೪. ಅನಿಲವನ್ನು ಸೇರಿಸುವ ದಾರಿಗಳು

ಪಾಕವು ಸಿದ್ಧವಾದ ಮೇಲೆ ಅನಿಲವನ್ನು ಸೇರಿಸಲು ನಾಲ್ಕು ದಾರಿಗಳಿವೆ.

ಮೊದಲನೆಯದು ಲೋಟದಲ್ಲಿಯೇ ಕೂಡಿಸುವುದು. ಅಂಗಡಿಯಿಂದ ತಂದ ಸಾದಾ ಸೋಡಾವನ್ನೂ ಪಾಕವನ್ನೂ ಬೇರೆಬೇರೆಯಾಗಿ ಚೆನ್ನಾಗಿ ತಣಿಸಿ, ಮೊದಲು ಪಾಕವನ್ನು ಲೋಟದ ತಳಕ್ಕೆ ಹಾಕಿ, ಸೋಡಾವನ್ನು ಲೋಟದ ಒಳಬದಿಗೆ ತಾಗುವಂತೆ ನಿಧಾನವಾಗಿ ಸುರಿಯಬೇಕು. ಉಪ್ಪು, ಜೀರಿಗೆಪುಡಿಗಳನ್ನು ಪಾಕದಲ್ಲಿಯೇ ಮೊದಲು ಕರಗಿಸುವುದು ಲೇಸು. ಸೋಡಾದ ಮೇಲೆ ಉಪ್ಪು ಉದುರಿಸಿದಾಗ ಭುಸ್ಸೆಂದು ನೊರೆಯೇಳುವುದು ರಾಸಾಯನಿಕ ಕ್ರಿಯೆಯೆಂದು ಹಲವರು ತಿಳಿದಿರುವುದುಂಟು. ಅದು ಹಾಗಲ್ಲ. ಉಪ್ಪಿನ ಹರಳಿನ ಒರಟು ಮೈಯಲ್ಲಿ ಗುಳ್ಳೆಗಳು ನೆಲೆಗೊಳ್ಳಲು ಎಡೆ ದೊರೆಯುವುದರಿಂದ ಕರಗಿದ್ದ ಅನಿಲವು ಒಮ್ಮೆಗೇ ಹೊರಬರುತ್ತದೆ. ನೋಟಕ್ಕೆ ಅದು ಚೆಂದವಾದರೂ ಕುಡಿಯುವವನಿಗೆ ನಷ್ಟ.

ಎರಡನೆಯದು ಹುಳಿ ಮತ್ತು ಅಡುಗೆ ಸೋಡಾಗಳ ದಾರಿ. ನಿಂಬೆ ಉಪ್ಪು ಅಡುಗೆ ಸೋಡಾದೊಡನೆ ನೀರಿನಲ್ಲಿ ಕೂಡಿದರೆ ಅನಿಲ ಹೊರಡುತ್ತದೆ. ಆದರೆ ಇಲ್ಲಿ ಲೆಕ್ಕವನ್ನು ನೋಡಬೇಕು. ಒಂದು ಲೀಟರಿಗೆ ಬೇಕಾದ ೬ ಗ್ರಾಂ ಅನಿಲವನ್ನು ಪಡೆಯಲು ಸುಮಾರು ೧೧.೫ ಗ್ರಾಂ ಅಡುಗೆ ಸೋಡಾ, ಸುಮಾರು ೯ ಗ್ರಾಂ ನಿಂಬೆ ಉಪ್ಪು ಬೇಕು. ಅನಿಲ ಬಂದ ಮೇಲೆಯೂ ೩ ಗ್ರಾಮಿಗಿಂತ ಹೆಚ್ಚು ಸೋಡಿಯಂ ನೀರಿನಲ್ಲಿಯೇ ಉಳಿಯುತ್ತದೆ. ವಯಸ್ಕನೊಬ್ಬನು ದಿನಕ್ಕೆ ೨ ಗ್ರಾಮಿಗಿಂತ ಕಡಿಮೆ ಸೋಡಿಯಂ ಸೇವಿಸಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ರಕ್ತದೊತ್ತಡವುಳ್ಳವರು ಈ ದಾರಿಯನ್ನು ಬಿಡುವುದೇ ಕ್ಷೇಮ. ಮೇಲಾಗಿ ಸೋಡಾಪುಡಿ ತುಸು ಹೆಚ್ಚಾದರೂ ಮುರುಗಲಿನ ಕೆಂಪು ಮಾಸಿ ನೀಲಿಯ ಕಡೆಗೆ ತಿರುಗುತ್ತದೆ, ರುಚಿಯೂ ಕೆಡುತ್ತದೆ. ಪ್ರೀಸ್ಟ್ಲಿಯಂತೆ ಬೇರೊಂದು ಪಾತ್ರೆಯಲ್ಲಿ ಅನಿಲವನ್ನು ಹುಟ್ಟಿಸಿ ಕೊಳವೆಯ ಮೂಲಕ ತಣ್ಣೀರಿಗೆ ಹಾಯಿಸಿದರೆ ಈ ದೋಷಗಳಿಲ್ಲ. ಆದರೆ ಒತ್ತಡವಿಲ್ಲದೆ ಒಂದೂವರೆ ಪಾಲಿಗಿಂತ ಹೆಚ್ಚು ಕರಗದು. ಪ್ರೀಸ್ಟ್ಲಿಯ ನೀರು ಮೆದುವಾಗಿದ್ದುದೂ, ವ್ಯಾಪಾರಕ್ಕೆ ಇಳಿದವರಿಗೆ ಪಂಪು ಬೇಕಾದುದೂ ಇದರಿಂದಲೇ.

ಮೂರನೆಯದು ಯೀಸ್ಟಿನ ದಾರಿ. ಇಡ್ಲಿಯ ಹಿಟ್ಟನ್ನು ಉಬ್ಬಿಸುವ ಕ್ರಿಯೆಗೆ ಇದು ನೆಂಟ. ಯೀಸ್ಟ್ ಎಂಬ ಸೂಕ್ಷ್ಮಜೀವಿಯು ಸಕ್ಕರೆಯನ್ನು ತಿಂದು, ಸರಿಸುಮಾರು ಅರ್ಧ ತೂಕ ಅನಿಲವನ್ನೂ ಅರ್ಧ ತೂಕ ಮದ್ಯಸಾರವನ್ನೂ ಬಿಡುತ್ತದೆ. ಅನಾಹುತಗಳು ಹೆಚ್ಚಾಗಿ ನಡೆಯುವುದು ಈ ದಾರಿಯಲ್ಲಿಯೇ. ಅದಕ್ಕೆ ಕಾರಣ ಲೆಕ್ಕದಲ್ಲಿದೆ. ರೂಢಿಯ ವಿಧಾನದಲ್ಲಿ ಒಂದು ಲೀಟರು ಪಾನಕಕ್ಕೆ ಸುಮಾರು ೧೦೦ ಗ್ರಾಂ ಸಕ್ಕರೆ ಹಾಕಿ, ಚಿಟಿಕೆ ಯೀಸ್ಟ್ ಬೆರೆಸಿ, ಸೀಸೆಯನ್ನು ಮುಚ್ಚಿಡುತ್ತಾರೆ. ಮೂರು ಪಾಲು ಅನಿಲಕ್ಕೆ ಬೇಕಾದುದು ೧೨ ಗ್ರಾಂ ಸಕ್ಕರೆ ಮಾತ್ರ. ಉಳಿದ ೮೮ ಗ್ರಾಂ ಸಿಹಿಗಾಗಿ ಇರುವುದೆಂದು ಮನೆಯವರು ಭಾವಿಸಿದರೂ ಯೀಸ್ಟಿಗೆ ಆ ಭೇದ ತಿಳಿಯದು. ಅದು ತಿನ್ನುತ್ತಲೇ ಹೋಗುತ್ತದೆ. ೧೦೦ ಗ್ರಾಂ ಸಕ್ಕರೆಯೂ ಹುದುಗಿದರೆ ಹೊರಡುವ ಅನಿಲ ಸುಮಾರು ಇಪ್ಪತ್ತೈದು ಪಾಲು. ಅದನ್ನು ತಾಳುವ ಸೀಸೆ ಮನೆಗಳಲ್ಲಿಲ್ಲ. ಸೀಸೆಯನ್ನು ಸಕಾಲದಲ್ಲಿ ಶೀತಕಕ್ಕೆ ಸೇರಿಸಿದರೆ ಯೀಸ್ಟ್ ನಿಧಾನವಾಗುತ್ತದೆಯೇ ಹೊರತು ನಿಲ್ಲುವುದಿಲ್ಲ. ಎರಡು ದಿನ ಊರಿಗೆ ಹೋದಾಗ ಮರೆತುಹೋದ ಸೀಸೆಯಾಗಲಿ, ವಿದ್ಯುತ್ತು ನಿಂತ ಶೀತಕದೊಳಗಿನ ಸೀಸೆಯಾಗಲಿ ಒಡೆಯುವುದರಲ್ಲಿ ಆಶ್ಚರ್ಯವಿಲ್ಲ.

ಇದಕ್ಕೆ ಪರಿಹಾರವೂ ಲೆಕ್ಕದಲ್ಲಿಯೇ ಇದೆ. ಸಿಹಿಯನ್ನು ಸೀಸೆಗೆ ಸೇರಿಸದೆ, ಯೀಸ್ಟಿಗೆ ಬೇಕಾದಷ್ಟನ್ನೇ ತೂಗಿ ಕೊಡುವುದು ಆ ಪರಿಹಾರ. ಸಿಪ್ಪೆ ನೆನೆಸಿ ಸೋಸಿದ ರಸವನ್ನು ಕುಡಿಯುವ ಹದಕ್ಕೆ ನೀರಾಗಿಸಿ, ಲೀಟರಿಗೆ ೧೨ ಗ್ರಾಂ ಸಕ್ಕರೆ, ಒಂದು ಚಿಟಿಕೆ ಒಣ ಯೀಸ್ಟ್ ಹಾಕಬೇಕು. ಆ ಸಕ್ಕರೆ ಮುಗಿದೊಡನೆ ಯೀಸ್ಟಿನ ಕೆಲಸವೂ ಮುಗಿಯುತ್ತದೆ. ಒತ್ತಡವು ಗೊತ್ತಾದ ಮಿತಿಯನ್ನು ಮೀರುವುದಿಲ್ಲ. ಬೇಕಾದ ಸಿಹಿಯನ್ನು ಕುಡಿಯುವಾಗ ಲೋಟದಲ್ಲಿ ಪಾಕವಾಗಿ ಬೆರೆಸಿಕೊಳ್ಳಬಹುದು. ಅನಾನಸಿನಂತಹ ಸಿಹಿಹಣ್ಣಿನ ರಸದಲ್ಲಿ ಅದರದೇ ಸಕ್ಕರೆಯು ಸಾಕಷ್ಟಿರುವುದರಿಂದ ಅದನ್ನು ಸೀಸೆಗೆ ಹಾಕದೆ ಲೋಟಕ್ಕೇ ಮೀಸಲಿಡಬೇಕು.

ಸೀಸೆಯ ವಿಷಯದಲ್ಲಿ ರಾಜಿ ಸಲ್ಲದು. ಜಾಮಿನ ಭರಣಿ, ಹಣ್ಣಿನ ರಸದ ಗಾಜಿನ ಸೀಸೆ ಇವು ಒತ್ತಡಕ್ಕಾಗಿ ಮಾಡಿದವಲ್ಲ. ಸೋಡಾ ತುಂಬಿ ಬಂದ ಪ್ಲಾಸ್ಟಿಕ್ ಸೀಸೆಯೇ ತಕ್ಕದ್ದು; ಅದನ್ನು ಬೆರಳಿನಿಂದ ಅಮುಕಿ ಒಳಗಿನ ಸ್ಥಿತಿಯನ್ನು ಅರಿಯಬಹುದು. ಕತ್ತಿನಲ್ಲಿ ನಾಲ್ಕು ಬೆರಳು ಜಾಗ ಬಿಟ್ಟು ಮುಚ್ಚಿ, ಕೋಣೆಯಲ್ಲಿಟ್ಟರೆ ಬೇಸಗೆಯಲ್ಲಿ ಅರ್ಧ ದಿನದಿಂದ ಒಂದು ದಿನದೊಳಗೆ, ದೆಹಲಿಯ ಚಳಿಗಾಲದಲ್ಲಿ ಇನ್ನೂ ತಡವಾಗಿ, ಸೀಸೆಯು ಕಲ್ಲಿನಂತೆ ಗಟ್ಟಿಯಾಗುತ್ತದೆ. ಆಗ ಶೀತಕಕ್ಕೆ ಸೇರಿಸಿ, ಒಂದು ವಾರದೊಳಗೆ ಬಳಸಿಬಿಡಬೇಕು. ಅಂಗಡಿಯ ಸಿದ್ಧ ಶರಬತ್ತನ್ನು ಉಪಯೋಗಿಸಿದವರಿಗೆ ಸೀಸೆ ಗಟ್ಟಿಯಾಗದೆ ನಿರಾಶೆಯಾಗಬಹುದು. ಅದರಲ್ಲಿನ ಸಂರಕ್ಷಕ ರಾಸಾಯನಿಕಗಳು ಯೀಸ್ಟನ್ನು ತಡೆಯುತ್ತವೆ.

ಇನ್ನೊಂದು ಮಾತನ್ನು ಮರೆಮಾಚಬಾರದು. ೧೨ ಗ್ರಾಂ ಸಕ್ಕರೆಯಿಂದ ಸುಮಾರು ೬ ಗ್ರಾಂ ಮದ್ಯಸಾರವೂ ಹುಟ್ಟುತ್ತದೆ, ಎಂದರೆ ನೂರರಲ್ಲಿ ಅರ್ಧ ಪಾಲಿಗಿಂತ ತುಸು ಹೆಚ್ಚು. ಅಮಲೇರುವಷ್ಟು ಅದಲ್ಲ. ಆದರೂ ಮದ್ಯವನ್ನು ನಿಯಮದಿಂದ ತೊರೆದವರಿಗೆ, ವ್ರತಸ್ಥರಿಗೆ, ಮಕ್ಕಳಿಗೆ ಕೊಡುವಾಗ ಇದನ್ನು ತಿಳಿಸಿ ಕೊಡುವುದು ಅಥವಾ ಬೇರೆ ದಾರಿಯನ್ನು ಹಿಡಿಯುವುದು ನ್ಯಾಯ.

ನಾಲ್ಕನೆಯದು ಅನಿಲದ ಸಿಲಿಂಡರು ಜೋಡಿಸಿದ ಮನೆಬಳಕೆಯ ಯಂತ್ರ. ಇದರಲ್ಲಿ ಮದ್ಯಸಾರವಿಲ್ಲ, ಉಪ್ಪಿಲ್ಲ, ಕಾಯುವ ಕೆಲಸವಿಲ್ಲ. ಶೀತಕದ ತಣ್ಣೀರಿಗೆ ಮಾತ್ರ ಅನಿಲ ತುಂಬಿ ಅನಂತರ ಪಾಕವನ್ನು ಬೆರೆಸಬೇಕು. ಪಾಕ ಬೆರೆತ ನೀರಿಗೆ ಅನಿಲ ತುಂಬಲು ಹೋದರೆ ನೊರೆಯುಕ್ಕಿ ಯಂತ್ರ ಕೆಡುತ್ತದೆ. ಸಿಲಿಂಡರಿನ ಅನಿಲವು ಆಹಾರಕ್ಕೆಂದೇ ಶುದ್ಧಗೊಳಿಸಿದುದಾಗಿರಬೇಕು. ಘನರೂಪದ ಅನಿಲವಾದ ಒಣಮಂಜನ್ನು ಸೀಸೆಗೆ ಹಾಕಿ ಮುಚ್ಚುವುದು ಅತ್ಯಂತ ಅಪಾಯಕರ. ಆ ಸಾಹಸವನ್ನು ಯಾರೂ ಮಾಡಬಾರದು.

೫. ಅಂಗಡಿಯ ಸೀಸೆ ಮತ್ತು ಮನೆಯ ಲೋಟ

ಇಷ್ಟು ಶ್ರಮಪಡುವ ಬದಲು ಅಂಗಡಿಯಿಂದ ತಂದರಾಗದೆ ಎಂಬ ಪ್ರಶ್ನೆ ಸಹಜವಾದುದು. ಉತ್ತರಕ್ಕೆ ಸೀಸೆಯ ಮೇಲಿನ ಚೀಟಿಯನ್ನು ಓದಬೇಕು. ಭಾರತದ ಆಹಾರ ಸುರಕ್ಷತಾ ನಿಯಮಗಳ ಪ್ರಕಾರ ಅನಿಲ ತುಂಬಿದ ಹಣ್ಣಿನ ಪಾನೀಯವೆಂದು ಕರೆಯಿಸಿಕೊಳ್ಳಲು ನೂರಕ್ಕೆ ಹತ್ತು ಪಾಲು ಹಣ್ಣಿನ ರಸವಿದ್ದರೆ ಸಾಕು. ನಿಂಬೆಗೆ ಐದು ಪಾಲು. ಹಣ್ಣಿನ ಬಣ್ಣವನ್ನೂ ವಾಸನೆಯನ್ನೂ ಹೊತ್ತ ಎಷ್ಟೋ ಪಾನೀಯಗಳಲ್ಲಿ ಅಷ್ಟೂ ಇರುವುದಿಲ್ಲ. ಹಣ್ಣಿಲ್ಲವೆಂಬ ಮಾತು ಚೀಟಿಯ ಸಣ್ಣ ಅಕ್ಷರಗಳಲ್ಲಿ ಇರುತ್ತದೆ. ಕೆಂಪು, ಕಿತ್ತಳೆ, ಹಸಿರು ಎಂದು ಬಣ್ಣದಿಂದಲೇ ರುಚಿಯನ್ನು ಗುರುತಿಸುವ ಅಭ್ಯಾಸ ಮಕ್ಕಳಿಗೆ ಹತ್ತುವುದು ಹೀಗೆ. ಪ್ರೀಸ್ಟ್ಲಿಯು ಅನಿಲಕ್ಕೆ ಹಣ್ಣಿನ ಗುಣವನ್ನು ಆರೋಪಿಸಿ ತಪ್ಪಿದನು. ವ್ಯಾಪಾರವು ಅನಿಲವನ್ನು ಉಳಿಸಿಕೊಂಡು ಹಣ್ಣನ್ನು ಕೈಬಿಟ್ಟಿತು.

ಮನೆಯ ಸೋಡಾ ಔಷಧವಲ್ಲ. ಸಕ್ಕರೆಯು ಮನೆಯದಾದರೂ ಸಕ್ಕರೆಯೇ. ಹಣ್ಣಿನ ಹುಳಿಯು ದಿನವಿಡೀ ಹಲ್ಲಿಗೆ ತಾಗುತ್ತಿರುವುದೂ ಒಳ್ಳೆಯದಲ್ಲ. ಅತಿಥಿಗಳು ಬಂದಾಗ, ಹಬ್ಬದೂಟದ ಕೊನೆಯಲ್ಲಿ, ಬೇಸಗೆಯ ಸಂಜೆಯಲ್ಲಿ ಒಂದು ಲೋಟ ಕುಡಿಯುವುದಕ್ಕೆ ಅದು ತಕ್ಕದ್ದು. ಆ ಲೋಟದಲ್ಲಿರುವ ಕೆಂಪು ಮುರುಗಲಿನದೇ, ಹುಳಿಯೂ ಅದರದೇ ಎಂಬುದು ಕೊಡುವವರಿಗೆ ನಿಶ್ಚಯವಾಗಿ ತಿಳಿದಿರುತ್ತದೆ. ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಸಿಪ್ಪೆ ಕಿವುಚಲು, ರಸ ಸೋಸಲು, ಸಕ್ಕರೆ ತೂಗಲು ಕಲಿಸಿದರೆ ಹಣ್ಣಿನ ಹೆಸರಿನ ಜೊತೆಗೆ ಅದರ ಊರಿನ ಹೆಸರೂ ಅವರ ನೆನಪಿನಲ್ಲಿ ನಿಲ್ಲುತ್ತದೆ. ಪಾಕದ ಹದವನ್ನು ಆಯಾ ಮನೆಯ ನಾಲಗೆಗೆ ಬಿಡಬಹುದು. ಯೀಸ್ಟಿನ ಸೀಸೆಗೆ ಮಾತ್ರ ಲೀಟರಿಗೆ ಹನ್ನೆರಡು ಗ್ರಾಂ ಎಂಬ ಅಳತೆಯನ್ನು ಯಾರೂ ಮೀರದಿರಲಿ.